ಹಿಡಿಯುವ ಕೈಗೆ ಕಟ್ಟುವ ಬೆಲೆ

ಎತ್ತನ್ನು ಕೊಳ್ಳುವವನು ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಚಿನ್ನವನ್ನು ಕೊಳ್ಳುವವನಿಗೆ ಒರೆಗಲ್ಲಿದೆ. ಮನುಷ್ಯನ ಸಾಮರ್ಥ್ಯವನ್ನು ಕೊಳ್ಳಹೊರಟವನಿಗೆ ಇರುವ ಆಧಾರವೇನು? ಆತ ನಿನ್ನೆ ಮಾಡಿದ ಕೆಲಸ, ಅಷ್ಟೆ. ಆದರೆ ಕೊಳ್ಳುತ್ತಿರುವುದು ಆತ ನಾಳೆ ಮಾಡಬೇಕಾದ ಕೆಲಸವನ್ನು. ಈ ನಿನ್ನೆಗೂ ನಾಳೆಗೂ ನಡುವೆ ಇರುವ ಕಂದಕದಲ್ಲಿ ಎಂತೆಂಥ ಜಾಣರು ಬಿದ್ದಿದ್ದಾರೆಂಬುದನ್ನು ಕಾಣಬೇಕಾದರೆ, ಅಮೆರಿಕದ ಫುಟ್‌ಬಾಲ್ ತಂಡಗಳು ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ನಡೆಸುವ ವ್ಯಾಪಾರವನ್ನು ನೋಡಬೇಕು.

ತರಗತಿಯಲ್ಲಿ ಪಂಪ ರನ್ನರನ್ನು ಪಾಠ ಹೇಳುವ ಕನ್ನಡ ಮೇಷ್ಟರಿಗೂ ಅಮೆರಿಕದ ಫುಟ್‌ಬಾಲಿಗೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳುವುದು ನ್ಯಾಯವೇ. ಸಂಬಂಧವು ಮದುವೆಯಿಂದ ಬಂದದ್ದು. ನನ್ನ ಹೆಂಡತಿಯ ತಮ್ಮ ನ್ಯೂಜೆರ್ಸಿಯಲ್ಲಿ ನೆಲೆಸಿ ಹಲವು ವರ್ಷಗಳಾದವು. ನ್ಯೂಯಾರ್ಕ್ ಜಯಂಟ್ಸ್ ಎಂಬ ತಂಡವು ಹೆಸರಿಗೆ ನ್ಯೂಯಾರ್ಕಿನದಾದರೂ ಆಡುವುದು ಆ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್ ಎಂಬ ಊರಿನಲ್ಲಿ. ನನ್ನ ಭಾವಮೈದುನನಿಗೆ ಅದು ಮನೆದೇವರಿಗೆ ಸಮಾನ. ಮಾರ್ಚ್ ಬಂದಿತೆಂದರೆ ಅವನ ದೂರವಾಣಿ ಕರೆ ತಪ್ಪದು. ಕ್ಷೇಮಸಮಾಚಾರ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅನಂತರ, “ಭಾವ, ಇಂಥವನನ್ನು ತೆಗೆದುಕೊಳ್ಳಬಹುದೆ? ನೀವೇ ಹೇಳಿ” ಎಂದು ಅವನು ಅಂಕಿಅಂಶಗಳನ್ನು ಓದತೊಡಗಿದರೆ, “ಹೇಳಪ್ಪ, ಕೇಳುತ್ತಿದ್ದೇನೆ” ಎನ್ನುವುದಲ್ಲದೆ ನನಗೆ ಬೇರೆ ದಾರಿಯಿಲ್ಲ. ಹೀಗೆ ಕೇಳುತ್ತ ಕೇಳುತ್ತ ನನಗೂ ಆ ಗೀಳು ಅಂಟಿತು.

ಆಟದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ಮೊಟ್ಟೆಯ ಆಕಾರದ್ದು. ಅದಕ್ಕೆ ಕಾಲಿಗಿಂತ ಕೈಯ ಸಹವಾಸವೇ ಹೆಚ್ಚು. ಒಂದೊಂದು ಪಕ್ಷದಲ್ಲಿ ೧೧ ಮಂದಿ. ಮೈದಾನದ ಉದ್ದ ೧೦೦ ಗಜ. ಚೆಂಡು ಕೈಯಲ್ಲಿರುವ ಪಕ್ಷ ನಾಲ್ಕು ಪ್ರಯತ್ನಗಳೊಳಗೆ ೧೦ ಗಜ ಮುಂದುವರಿದರೆ ಇನ್ನೂ ನಾಲ್ಕು ಪ್ರಯತ್ನಗಳು ದೊರೆಯುತ್ತವೆ. ಹೀಗೆ ಮುಂದುವರಿದು ಎದುರಾಳಿಯ ಕಡೆಯ ಗೆರೆಯನ್ನು ದಾಟಿದರೆ ಅದು ಟಚ್‌ಡೌನ್, ೬ ಅಂಕ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಪಡೆಗೆ ಅವನೇ ದಂಡನಾಯಕ. ಅವನ ಮುಂದೆ ಐವರು ದಾಂಡಿಗರು ಗೋಡೆಯಂತೆ ನಿಂತು ಕೆಲವು ಕ್ಷಣಗಳ ಮಟ್ಟಿಗೆ ಅವನನ್ನು ಕಾಪಾಡುತ್ತಾರೆ. ಆ ಕ್ಷಣಗಳಲ್ಲಿ ಮೈದಾನದ ಅಂಚಿನಿಂದ ಓಡಿ, ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ತಿರುಗಿ, ಮೈಗಂಟಿ ಬರುವ ಕಾವಲುಗಾರನನ್ನು ತಪ್ಪಿಸಿ, ಹಾರಿಬರುವ ಚೆಂಡನ್ನು ಹಿಡಿಯುವವನೇ ವೈಡ್ ರಿಸೀವರ್. ಜನರ ಕಣ್ಣು ಇವನ ಮೇಲೆ. ಹಣವೂ ಇವನ ಮೇಲೆಯೇ.

ಇನ್ನು ವ್ಯಾಪಾರದ ಸಂಗತಿ. ೧೯೯೩ರಿಂದ ಈಚೆಗೆ, ನಿಗದಿಯಾದ ವರ್ಷಗಳ ಸೇವೆಯನ್ನು ಮುಗಿಸಿ ಒಪ್ಪಂದದ ಅವಧಿಯನ್ನೂ ತೀರಿಸಿದ ಆಟಗಾರ ತನಗಿಷ್ಟವಾದ ತಂಡವನ್ನು ಸೇರಬಹುದು. ಇಂಥವನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ತಂಡಗಳಿಗೋ ಖರ್ಚಿನ ಮಿತಿಯಿದೆ. ೧೯೯೪ರಲ್ಲಿ ಈ ಮಿತಿಯನ್ನು ಮೊದಲು ಜಾರಿಗೆ ತಂದಾಗ ಒಂದು ತಂಡ ತನ್ನ ಆಟಗಾರರೆಲ್ಲರಿಗೂ ಸೇರಿ ವರ್ಷಕ್ಕೆ ೩ ಕೋಟಿ ೪೬ ಲಕ್ಷ ಡಾಲರಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ೨೦೨೦ರ ವೇಳೆಗೆ ಅದು ೧೯ ಕೋಟಿ ೮೨ ಲಕ್ಷಕ್ಕೆ ಬೆಳೆದು, ಸಾಂಕ್ರಾಮಿಕದಿಂದ ಆದಾಯ ಕುಗ್ಗಿದ್ದರಿಂದ ೨೦೨೧ರಲ್ಲಿ ೧೮ ಕೋಟಿ ೨೫ ಲಕ್ಷಕ್ಕೆ ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಗಾದೆಯಲ್ಲ, ಶಾಸನ. ಒಬ್ಬನಿಗೆ ಕೊಟ್ಟ ಒಂದೊಂದು ಡಾಲರೂ ಇನ್ನೊಬ್ಬನ ತಟ್ಟೆಯಿಂದ ತೆಗೆದದ್ದು.

ಹಾಗಾದರೆ ಹಿಡಿಯುವವನನ್ನು ಅಳೆಯುವುದು ಹೇಗೆ? ಮೊದಲು ಮನಸ್ಸಿಗೆ ಬರುವುದು ಓಟ. ಕಾಲೇಜಿನಿಂದ ಹೊರಬರುವ ಹುಡುಗರನ್ನು ಇಂಡಿಯಾನಾಪೊಲಿಸ್ ನಗರದಲ್ಲಿ ಒಂದೆಡೆ ಸೇರಿಸಿ ೪೦ ಗಜ ಓಡಿಸಿ ನೋಡುವ ಪದ್ಧತಿಯಿದೆ. ೨೦೧೭ರಲ್ಲಿ ಜಾನ್ ರಾಸ್ ಎಂಬಾತ ಆ ದೂರವನ್ನು ೪.೨೨ ಸೆಕೆಂಡುಗಳಲ್ಲಿ ಓಡಿ ಅಂದಿನ ದಾಖಲೆಯನ್ನು ಮುರಿದ. ಸಿನ್ಸಿನಾಟಿ ತಂಡ ಅವನನ್ನು ಆ ವರ್ಷದ ಒಂಬತ್ತನೆಯ ಆಯ್ಕೆಯಾಗಿ ಬರಮಾಡಿಕೊಂಡಿತು. ಆದರೆ ಆತ ಯಾವ ವರ್ಷವೂ ೧,೦೦೦ ಗಜಗಳನ್ನು ಗಳಿಸಲಿಲ್ಲ. ಇನ್ನೊಂದು ಕಡೆ, ೧೯೮೫ರಲ್ಲಿ ಓಟ ಸಾಲದೆಂಬ ಅನುಮಾನವನ್ನು ಹೊತ್ತುಕೊಂಡೇ ಬಂದ ಜೆರಿ ರೈಸ್, ತನ್ನ ಆಟದ ಬಾಳಿನಲ್ಲಿ ೨೨,೮೯೫ ಗಜಗಳನ್ನು ಕೂಡಿಹಾಕಿದ. ಗಡಿಯಾರಕ್ಕೆ ನೇರವಾಗಿ ಓಡುವುದು ಮಾತ್ರ ಗೊತ್ತು. ತಿರುಗುವುದು, ನಿಲ್ಲುವುದು, ಕಾವಲುಗಾರನನ್ನು ಏಮಾರಿಸುವುದು ಅದಕ್ಕೆ ಕಾಣದು.

ಓಟವನ್ನು ಬಿಟ್ಟರೆ ಉಳಿದದ್ದು ಲೆಕ್ಕದ ಪುಸ್ತಕ: ಎಷ್ಟು ಹಿಡಿತ, ಎಷ್ಟು ಗಜ, ಎಷ್ಟು ಟಚ್‌ಡೌನ್. ೨೦೨೧ರ ಮಾರ್ಚಿನಲ್ಲಿ ನನ್ನ ಭಾವಮೈದುನ ಹಿಗ್ಗಿನಿಂದ ಓದಿದ್ದು ಇಂಥದೇ ಲೆಕ್ಕವನ್ನು. ಆಟಗಾರನ ಹೆಸರು ಕೆನ್ನಿ ಗಾಲಡೆ. ಆರಡಿ ನಾಲ್ಕಂಗುಲದ ಆಳು. ಡೆಟ್ರಾಯಿಟ್ ಲಯನ್ಸ್ ತಂಡದವನು. ೨೦೧೮ರಲ್ಲಿ ೧,೦೬೩ ಗಜ. ೨೦೧೯ರಲ್ಲಿ ೧,೧೯೦ ಗಜ ಮತ್ತು ೧೧ ಟಚ್‌ಡೌನ್. ಆ ವರ್ಷ ಅಷ್ಟು ಟಚ್‌ಡೌನ್‌ಗಳನ್ನು ಹಿಡಿದವರು ಇಡೀ ಕೂಟದಲ್ಲಿ ಬೇರೆ ಯಾರೂ ಇರಲಿಲ್ಲ. ೨೦೨೦ರಲ್ಲಿ ಮಾತ್ರ ಪೆಟ್ಟುಬಿದ್ದು ಐದೇ ಪಂದ್ಯಗಳನ್ನಾಡಿದ್ದ. ಜಯಂಟ್ಸ್ ತಂಡ ಅವನಿಗೆ ನಾಲ್ಕು ವರ್ಷಗಳಿಗೆ ೭ ಕೋಟಿ ೨೦ ಲಕ್ಷ ಡಾಲರು ಬರೆದುಕೊಟ್ಟಿತು. ಅದರಲ್ಲಿ ೪ ಕೋಟಿ ಖಾತರಿಯ ಹಣ, ಆಡಲಿ ಬಿಡಲಿ ಸಲ್ಲತಕ್ಕದ್ದು. ಸರಾಸರಿ ತೆಗೆದರೆ ವರ್ಷಕ್ಕೆ ೧ ಕೋಟಿ ೮೦ ಲಕ್ಷ, ಅಂದರೆ ಇಡೀ ತಂಡದ ಆ ವರ್ಷದ ಮಿತಿಯ ಸುಮಾರು ಹತ್ತನೆಯ ಒಂದು ಪಾಲು.

ಫಲವೇನಾಯಿತು? ಮೊದಲ ವರ್ಷ ೩೭ ಹಿಡಿತ, ೫೨೧ ಗಜ, ಟಚ್‌ಡೌನ್ ಸೊನ್ನೆ. ಎರಡನೆಯ ವರ್ಷ ಹೊಸ ತರಬೇತುದಾರ ಬಂದ. ಗಾಲಡೆ ಬಹುಪಾಲು ಮೂಲೆಗೆ ಬಿದ್ದ. ೬ ಹಿಡಿತ, ೮೧ ಗಜ, ಒಂದೇ ಒಂದು ಟಚ್‌ಡೌನ್. ೨೦೨೩ರ ಮಾರ್ಚಿನಲ್ಲಿ ಅವನನ್ನು ಕಳುಹಿಸಿಕೊಟ್ಟರು. ಖಾತರಿಯ ಹಣವನ್ನು ಎರಡು ವರ್ಷಗಳ ೪೩ ಹಿಡಿತಗಳಿಂದ ಭಾಗಿಸಿದರೆ ಹಿಡಿತವೊಂದಕ್ಕೆ ೯ ಲಕ್ಷ ಡಾಲರಿಗೂ ಮಿಕ್ಕುತ್ತದೆ.

ಪತ್ರಿಕೆಗಳೂ ಅಭಿಮಾನಿಗಳೂ ಅವನನ್ನು ಹಾಸ್ಯಮಾಡಿ ಸುಮ್ಮನಾದರು. ನನಗೆ ಆ ಹಾಸ್ಯ ಅನ್ಯಾಯವೆಂದು ತೋರುತ್ತದೆ. ಗಾಲಡೆಯ ಹೆಚ್ಚುಗಾರಿಕೆ ಯಾವುದರಲ್ಲಿತ್ತೆಂಬುದನ್ನು ನೋಡಿ. ಕಾವಲುಗಾರನಿಂದ ಬಹುದೂರ ಸರಿದು ಬಯಲಿನಲ್ಲಿ ಒಬ್ಬನೇ ನಿಲ್ಲುವ ಚಪಲಗತಿಯವನಲ್ಲ ಆತ. ಕಾವಲುಗಾರ ಪಕ್ಕದಲ್ಲಿಯೇ ಇರುವಾಗ, ತನ್ನ ಎತ್ತರದಿಂದಲೂ ತೋಳಿನ ಬಲದಿಂದಲೂ ಅವನ ತಲೆಯ ಮೇಲಿಂದ ಚೆಂಡನ್ನು ಕಿತ್ತುಕೊಳ್ಳುವವನು. ಇಂಥವನು ಫಲಿಸಬೇಕಾದರೆ ಎಸೆಯುವವನಿಗೆ ಎದೆ ಬೇಕು. ಇಬ್ಬರು ನಿಂತ ಕಡೆಗೆ, ಇವನೇ ಹಿಡಿಯುತ್ತಾನೆಂಬ ನಂಬಿಕೆಯಿಂದ, ಚೆಂಡನ್ನು ಬಿಡಬೇಕು. ಡೆಟ್ರಾಯಿಟಿನ ಮ್ಯಾಥ್ಯೂ ಸ್ಟ್ಯಾಫರ್ಡ್ ಅದಕ್ಕೆ ಅಂಜುವವನಲ್ಲ. ನ್ಯೂಯಾರ್ಕಿನಲ್ಲಿ ಎಸೆಯುತ್ತಿದ್ದ ಡೇನಿಯಲ್ ಜೋನ್ಸ್ ಬೇರೆ ಸ್ವಭಾವದವನು. ಅವನ ಮುಂದಿನ ಗೋಡೆಯೋ ಬಿರುಕುಬಿಟ್ಟದ್ದು. ಚೆಂಡು ಕೈಬಿಡುವ ಮೊದಲೇ ಎದುರಾಳಿಗಳು ಮೈಮೇಲೆ ಬೀಳುತ್ತಿದ್ದರೆ ದೂರದಲ್ಲಿ ಕೈಚಾಚಿ ನಿಂತವನ ಎತ್ತರದಿಂದ ಪ್ರಯೋಜನವೇನು? ಕೊನೆಗೆ ಕತ್ತಿನ ಪೆಟ್ಟಿನಿಂದ ಜೋನ್ಸನೂ ಆ ವರ್ಷದ ಕಡೆಯ ಪಂದ್ಯಗಳನ್ನು ಆಡಲಿಲ್ಲ.

ಅದೇ ವರ್ಷ ಸ್ಟ್ಯಾಫರ್ಡನನ್ನು ಪಡೆದುಕೊಂಡದ್ದು ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ. ಅಲ್ಲಿ ಕೂಪರ್ ಕಪ್ ಎಂಬ ಹಿಡಿತಗಾರ ಮೊದಲೇ ಇದ್ದ. ಒಳ್ಳೆಯ ಆಟಗಾರನೆಂದೇ ಹೆಸರಾಗಿದ್ದ. ೨೦೨೦ರಲ್ಲಿ ಅವನ ಗಳಿಕೆ ೯೭೪ ಗಜ, ೩ ಟಚ್‌ಡೌನ್. ಸ್ಟ್ಯಾಫರ್ಡ್ ಬಂದ ೨೦೨೧ರಲ್ಲಿ ೧೪೫ ಹಿಡಿತ, ೧,೯೪೭ ಗಜ, ೧೬ ಟಚ್‌ಡೌನ್! ಆ ವರ್ಷ ಪಂದ್ಯಗಳ ಸಂಖ್ಯೆ ೧೬ರಿಂದ ೧೭ಕ್ಕೆ ಏರಿದ್ದನ್ನು ಕಳೆದರೂ ಈ ನೆಗೆತ ಸಾಮಾನ್ಯವಲ್ಲ. ೨೦೨೨ರ ಫೆಬ್ರವರಿಯಲ್ಲಿ ರ‍್ಯಾಮ್ಸ್ ಸೂಪರ್ ಬೌಲನ್ನು ಗೆದ್ದಿತು. ಹಿಡಿಯುವವನ ಲೆಕ್ಕವೆಂದು ನಾವು ಓದುವುದು ಅರ್ಧದಷ್ಟಾದರೂ ಎಸೆಯುವವನ ಲೆಕ್ಕ. ಅದರಲ್ಲಿ ಮುಂದೆ ನಿಂತು ಪೆಟ್ಟು ತಿನ್ನುವ ಐವರ ಪಾಲೂ ಇದೆ. ಹೆಸರು ಮಾತ್ರ ಒಬ್ಬನದು.

ಈ ಮಾತನ್ನು ನಾನು ಫುಟ್‌ಬಾಲಿನಿಂದ ಕಲಿಯಬೇಕಾಗಿರಲಿಲ್ಲ. ಖಾಯಂ ಕೆಲಸ ಸಿಗುವ ಮೊದಲು ಆರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ನಮ್ಮದೂ ಒಂದು ಬಗೆಯ ಫ್ರೀ ಏಜೆಂಟರ ಬಾಳೇ. ವ್ಯತ್ಯಾಸವೆಂದರೆ ಸ್ವಾತಂತ್ರ್ಯವೆಲ್ಲ ಕೊಳ್ಳುವವರ ಕಡೆಗಿತ್ತು. ವರ್ಷ ಮುಗಿಯಿತೆಂದರೆ ನೇಮಕವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಸಂದರ್ಶನ. ಮೇಜಿನ ಆಚೆ ಕುಳಿತವರ ಮೊದಲ ಪ್ರಶ್ನೆ ಒಂದೇ: “ನಿಮ್ಮ ವಿಷಯದಲ್ಲಿ ಫಲಿತಾಂಶ ನೂರಕ್ಕೆ ಎಷ್ಟು?” ಒಂದು ಕಾಲೇಜಿನಲ್ಲಿ ಮನೆಯ ತುಂಬ ಪುಸ್ತಕವಿದ್ದ ಮಕ್ಕಳು ನನ್ನ ಮುಂದೆ ಕುಳಿತಿದ್ದರು, ಅಲ್ಲಿ ನಾನು ಬಲು ಸಮರ್ಥ. ಇನ್ನೊಂದರಲ್ಲಿ ಹಗಲೆಲ್ಲ ದುಡಿದು ಸಂಜೆ ತೂಕಡಿಸುತ್ತ ಬರುವ ಹುಡುಗರು. ಅಲ್ಲಿಯ ಅಂಕಿಯನ್ನು ಹೇಳಿದಾಗ ಮೇಜಿನ ಆಚೆಯವರ ಮುಖ ಸಪ್ಪಗಾಗುತ್ತಿತ್ತು. ಹೇಳಿದ್ದು ಅದೇ ಪಾಠ, ಹೇಳಿದವನೂ ನಾನೇ. ಆ ಸಂಜೆಯ ಹುಡುಗರಲ್ಲಿ ಒಬ್ಬನು ಪಾಸಾಗುವುದಕ್ಕೆ ನಾನು ಪಟ್ಟ ಶ್ರಮ, ಮೊದಲ ಕಾಲೇಜಿನ ಹತ್ತು ಪ್ರಥಮ ದರ್ಜೆಗಳಿಗೂ ಪಟ್ಟದ್ದಲ್ಲ. ಆದರೆ ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.

“ಹಾಗಾದರೆ ಭಾವ, ಹತ್ತಿರದಿಂದ ಬಲ್ಲವರೇ ಕೈಬಿಟ್ಟವನನ್ನು ಮುಟ್ಟಬಾರದು ಎಂಬುದೊಂದು ಸೂತ್ರವಾಗಬಹುದಲ್ಲ?” ಎಂದು ಭಾವಮೈದುನ ಒಮ್ಮೆ ಕೇಳಿದ. ಡೆಟ್ರಾಯಿಟಿನವರು ಗಾಲಡೆಯನ್ನು ತಡೆದು ನಿಲ್ಲಿಸಿಕೊಳ್ಳಲಿಲ್ಲವೆಂಬುದು ನಿಜ. ಸೂತ್ರವೂ ಸೊಗಸಾಗಿದೆ. ಆದರೆ ಅದನ್ನು ಮುರಿಯುವುದಕ್ಕೆ ಸ್ಟೀವ್ ಸ್ಮಿತ್ ಒಬ್ಬನೇ ಸಾಕು.

ಸ್ಮಿತ್ ಐದಡಿ ಒಂಬತ್ತಂಗುಲದ ಗಿಡ್ಡ ಆಳು, ಬೆಂಕಿಯಂಥ ಸ್ವಭಾವ. ೨೦೦೧ರಿಂದ ಕ್ಯಾರೊಲೈನ ಪ್ಯಾಂಥರ್ಸ್ ತಂಡಕ್ಕೆ ಆಡಿ, ೨೦೦೫ರಲ್ಲಿ ಹಿಡಿತ, ಗಜ, ಟಚ್‌ಡೌನ್ ಮೂರರಲ್ಲಿಯೂ ಕೂಟದ ಅಗ್ರಸ್ಥಾನದಲ್ಲಿ ನಿಂತಿದ್ದ. ೨೦೧೪ರ ಮಾರ್ಚಿನಲ್ಲಿ, ಅವನಿಗೆ ೩೪ ವರ್ಷವಾಗಿದ್ದಾಗ, ಹದಿಮೂರು ವರ್ಷ ಕಂಡವರೇ ಅವನನ್ನು ಹೊರಗೆ ಕಳುಹಿಸಿದರು. ಬಾಲ್ಟಿಮೋರ್ ರೇವನ್ಸ್ ಅವನಿಗೆ ಮೂರು ವರ್ಷಗಳಿಗೆ ಕೊಟ್ಟದ್ದು ೧ ಕೋಟಿ ೧೦ ಲಕ್ಷ ಡಾಲರು. ಗಾಲಡೆಯ ಒಂದು ವರ್ಷದ ಸರಾಸರಿಯೂ ಅಲ್ಲ. ಆದರೆ ಬಾಲ್ಟಿಮೋರಿನವರಿಗೆ ತಮ್ಮ ಮನೆಯ ಕೊರತೆ ಗೊತ್ತಿತ್ತು. ದೂರಕ್ಕೆ ಎಸೆಯಬಲ್ಲ ಜೋ ಫ್ಲ್ಯಾಕೊ ಅವರಲ್ಲಿದ್ದ. ವೇಗವಾಗಿ ಓಡುವ ಹುಡುಗರೂ ಇದ್ದರು. ಇಲ್ಲದಿದ್ದವನು, ಜನಸಂದಣಿಯ ನಡುವೆ ಪೆಟ್ಟುತಿಂದು ಚೆಂಡನ್ನು ಬಿಡದೆ ಹಿಡಿಯುವ ಗಟ್ಟಿಗ. ಅಂಥ ಆಂಕ್ವಾನ್ ಬೋಲ್ಡಿನನನ್ನು ಅವರು ೨೦೧೩ರಲ್ಲಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಖಾಲಿಯಿದ್ದ ಗೂಡಿಗೆ ಸರಿಯಾದ ದೀಪ ಬಂದು ಕುಳಿತಿತು. ೨೦೧೪ರ ಸೆಪ್ಟೆಂಬರ್ ೨೮ರಂದು ಹಳೆಯ ಒಡೆಯರೇ ಎದುರಾದಾಗ ಸ್ಮಿತ್ ೭ ಹಿಡಿತಗಳಲ್ಲಿ ೧೩೯ ಗಜ, ೨ ಟಚ್‌ಡೌನ್ ಗಳಿಸಿದ. ಬಾಲ್ಟಿಮೋರ್ ೩೮-೧೦ರಿಂದ ಗೆದ್ದಿತು. ಆ ವರ್ಷದ ಅವನ ಒಟ್ಟು ಗಳಿಕೆ ೧,೦೬೫ ಗಜ.

ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ವಯಸ್ಸು, ಎತ್ತರ, ಈಚಿನ ಕೀರ್ತಿ ಮೂರೂ ಗಾಲಡೆಯ ಕಡೆಗಿದ್ದವು. ಅಳತೆಯ ಕೋಲಿನಲ್ಲಿ ಕೊರತೆಯಿರಲಿಲ್ಲ. ಕೋಲನ್ನು ಯಾವ ಕಡೆಗೆ ಹಿಡಿದರೆಂಬುದರಲ್ಲಿ ವ್ಯತ್ಯಾಸವಿತ್ತು. ಬಾಲ್ಟಿಮೋರಿನ ಕೋಲು ಮೊದಲು ತನ್ನ ಮನೆಯನ್ನೇ ಅಳೆಯಿತು: ನಮ್ಮಲ್ಲಿ ಎಸೆಯುವವನು ಯಾರು, ಅವನಿಗೆ ಎಷ್ಟು ಕ್ಷಣದ ಬಿಡುವು ಸಿಗುತ್ತದೆ, ನಮಗೆ ಇಲ್ಲದಿರುವುದು ಯಾವುದು? ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಆಟಗಾರನ ಹೆಸರು ತಾನಾಗಿಯೇ ಬರುತ್ತದೆ, ಬೆಲೆಯೂ ಹಿಡಿತದಲ್ಲಿರುತ್ತದೆ. ಉತ್ತರವಿಲ್ಲದ ಮನೆ ಕೀರ್ತಿಯನ್ನು ಕೊಳ್ಳುತ್ತದೆ. ಕೀರ್ತಿ ಎಲ್ಲರಿಗೂ ಕಾಣುವ ವಸ್ತುವಾದ್ದರಿಂದ ಅದರ ಬೆಲೆ ಯಾವಾಗಲೂ ದುಬಾರಿ.

೨೦೨೩ರ ಜನವರಿ ೮ರಂದು ಫಿಲಡೆಲ್ಫಿಯದ ಮೇಲೆ ಜಯಂಟ್ಸ್ ಆಡಿದ ಪಂದ್ಯದ ಒಂದು ತುಣುಕನ್ನು ನಾನು ನೋಡಿದ್ದೇನೆ. ಅಂದು ಎಸೆಯುತ್ತಿದ್ದವನು ಅವಕಾಶವೇ ಸಿಗದೆ ಹಿಂದಿನ ಸಾಲಿನಲ್ಲಿದ್ದ ಡೇವಿಸ್ ವೆಬ್. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನ ಧೈರ್ಯದಿಂದ ಆತ ಚೆಂಡನ್ನು ಎತ್ತರಕ್ಕೆ ಬಿಟ್ಟ. ಕಾವಲುಗಾರ ಅಂಟಿಕೊಂಡೇ ಇದ್ದ. ಗಾಲಡೆ ಮೇಲಕ್ಕೆ ಚಾಚಿ ಒಂದೇ ಕೈಯಿಂದ ಅದನ್ನು ಹಿಡಿದ. ಜಯಂಟ್ಸ್ ಅಂಗಿಯಲ್ಲಿ ಅವನ ಮೊದಲನೆಯ ಟಚ್‌ಡೌನ್ ಅದು, ಕಡೆಯದೂ ಅದೇ. ಎರಡು ವರ್ಷ ಎಲ್ಲರ ನಗೆಗೆ ಗುರಿಯಾಗಿದ್ದ ಆ ಕೈಗೆ ಏನೂ ಆಗಿರಲಿಲ್ಲ.