ಹೂಲಿಯಾಕೆಯ ಹೆಸರನ್ನು ಅರಸುತ್ತ

ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಮಲಪ್ರಭೆಯು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ದಾರಿ ಮಾಡಿಕೊಂಡು ಮುಂದೆ ಹರಿಯುತ್ತಾಳೆ. ಆ ಇಕ್ಕಟ್ಟಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ರೇಣುಕಾಸಾಗರವು ತುಂಬಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ನಮ್ಮದೂ ಒಂದು. ಆಗ ನಾನು ಶ್ರೀಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದ ಬಾಲಕ. ರಜೆಗೆಂದು ಹೋಗಿ ಬಂದ ಊರಿಗೆ ಮರುವರ್ಷ ಹೋಗುವಂತಿರಲಿಲ್ಲ, ಹೊಸೂರಿಗೆ ಹೋಗಬೇಕಾಯಿತು. ಮನೆಗಳು ಬಂದವು, ದೇವರು ಬಂದವು, ದನಕರು ಬಂದವು. ಹಿರಿಯರ ಗದ್ದುಗೆಗಳು ಮಾತ್ರ ನೀರಿನಡಿಯಲ್ಲಿಯೇ ಉಳಿದವು.

ಈ ಬರಹಕ್ಕೆ ಕಾರಣರಾದವರು ತೊಂಬತ್ತು ವರ್ಷದ ನಮ್ಮ ಸೋದರತ್ತೆ. ಎರಡು ವರ್ಷಗಳ ಹಿಂದೆ ಅವರ ಮರಿಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಕೂಸಿಗೆ ಹಿರಿಯಳ ಹೆಸರಿಡಬೇಕೆಂಬ ಮಾತು ಬಂದಿತು. ಅತ್ತೆಯವರು ನನ್ನ ಕಡೆಗೆ ತಿರುಗಿ, “ತಮ್ಮಾ, ಊರೂರಿನ ಕಲ್ಲು ಓದಿ ರಾಜರ ಹೆಂಡರ ಹೆಸರು ಹೇಳತಿ. ನಮ್ಮ ಅಪ್ಪನ ಅವ್ವನ ಹೆಸರು ಹೇಳು ನೋಡೋಣು” ಎಂದರು. ನಾನು ನಿರುತ್ತರನಾದೆ. ಮಠದಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ, ನಲವತ್ತು ವರ್ಷ ಶಾಸನಗಳ ಬೆನ್ನು ಹತ್ತಿದ ನನಗೆ ಮುತ್ತಜ್ಜಿಯ ಹೆಸರು ತಿಳಿದಿರಲಿಲ್ಲ. ಮನೆಯಲ್ಲಿ ಆಕೆಯನ್ನು “ಹೂಲಿಯಾಕಿ” ಎನ್ನುತ್ತಿದ್ದರು, ಅಷ್ಟೆ. ನಮ್ಮ ಸೀಮೆಯಲ್ಲಿ ಸೊಸೆಯನ್ನು ತವರೂರಿನಿಂದ ಗುರುತಿಸುವುದು ವಾಡಿಕೆ.

ಹೆಸರು ಮರೆತುಹೋದುದಕ್ಕೆ ಬೇರೊಂದು ಕಾರಣವೂ ಇದ್ದಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮುತ್ತಜ್ಜನವರು ಪ್ಲೇಗಿನಲ್ಲಿ ಲಿಂಗೈಕ್ಯರಾದರೆಂದೂ, ಆಕೆ ಮಗನನ್ನು ಬಿಟ್ಟು ತವರಿಗೆ ಹೋಗಿ ಉಡಿಕೆಯಾದಳೆಂದೂ, ಆದ್ದರಿಂದಲೇ ಗಂಡನ ಮಗ್ಗುಲಲ್ಲಿ ಆಕೆಯ ಗದ್ದುಗೆ ಇಲ್ಲವೆಂದೂ ದಾಯಾದಿಗಳ ಮನೆಯ ಮಾತು. ನಮ್ಮಜ್ಜನವರು ಅತ್ತೆಯವರಿಗೆ ಏಳು ವರ್ಷವಿದ್ದಾಗಲೇ ತೀರಿಕೊಂಡರು. ಅಜ್ಜಿಯು 1920ರಲ್ಲಿ ಸೊಸೆಯಾಗಿ ಬಂದವರು. ಅತ್ತೆಯ ಮುಖವನ್ನೇ ಕಂಡವರಲ್ಲ. ಹೀಗಾಗಿ ದಾಯಾದಿಗಳ ಮಾತಿಗೆ ಎದುರಾಡುವವರು ಯಾರೂ ಉಳಿಯಲಿಲ್ಲ. ಉಡಿಕೆಯಾಗುವುದು ನಮ್ಮ ಅನೇಕ ಮನೆತನಗಳಲ್ಲಿ ಸಮ್ಮತವಾದ ರೂಢಿ. ಅದರಲ್ಲಿ ಅವಮಾನವೇನೆಂದು ನಾನು ಕೇಳಬಲ್ಲೆ. ಆದರೆ ಸಣ್ಣ ಮಗನನ್ನು ತೊರೆದಳೆಂಬ ಮಾತು ಅತ್ತೆಯವರ ಎದೆಯಲ್ಲಿ ಮುಳ್ಳಾಗಿ ಉಳಿದಿದ್ದಿತು.

ಮೊದಲು ಹೆಳವರನ್ನು ವಿಚಾರಿಸಿದೆ. ಎತ್ತಿನ ಮೇಲೆ ಗಂಟೆಯ ಸದ್ದಿನೊಡನೆ ಬಂದು, ಅಂಗಳದಲ್ಲಿ ನಿಂತು ಮನೆತನದ ಪೀಳಿಗೆಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಹೆಳವರನ್ನು ಉತ್ತರ ಕರ್ನಾಟಕದ ಓದುಗರು ಬಲ್ಲರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಹಂಚಿಕೆಯಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ನಮ್ಮ ಮನೆಯ ಹೆಳವರು ತಮ್ಮ ಪುಸ್ತಕವನ್ನು ಬಿಚ್ಚಿ, ಬೆಡಗು, ಮೂಲ ಊರು, ಒಂಬತ್ತು ತಲೆಮಾರು, ಅಣ್ಣತಮ್ಮಂದಿರ ಕವಲು ಎಲ್ಲವನ್ನೂ ಓದಿದರು. ಒಂಬತ್ತು ತಲೆಮಾರಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಕೇಳಿದರೆ, “ಹೆಣ್ಣು ಕೊಟ್ಟ ಮನಿಗೆ ಹೋಕ್ಕೈತ್ರಿ, ಬಳ್ಳಿ ಗಂಡಿನ್ದು” ಎಂದರು. ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ; ನಾನು ಓದಿದ ಗುರುಪರಂಪರೆಯ ಪಟ್ಟಿಗಳೂ ಹಾಗೆಯೇ ಇವೆ.

ಎರಡನೆಯದಾಗಿ ನಮ್ಮ ಗುರುಮನೆಯ ಕಡತಗಳು. ಕಡತವೆಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಕಪ್ಪನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಪುಸ್ತಕ. ಬೇಡವೆನಿಸಿದರೆ ಒರೆಸಿ ಮತ್ತೆ ಬರೆಯಬಹುದು. ಯಾವನೋ ಪುಣ್ಯಾತ್ಮ ಒರೆಸದೆ ಇಟ್ಟಿದ್ದ. ಮಠದ ಅಟ್ಟದಿಂದ ಇಳಿಸಿದ ಐದು ಕಡತಗಳಲ್ಲಿ ಮೂರು ಮುಟ್ಟಿದೊಡನೆ ಉದುರಿದವು. ನಾಲ್ಕನೆಯದರಲ್ಲಿ ಭಕ್ತರ ಮದುವೆಗಳಲ್ಲಿ ಸಂದ ಕಾಣಿಕೆಯ ಲೆಕ್ಕವಿದ್ದಿತು. ಮೂರು ದಿನ ಕುಳಿತು ಓದಿದ ಮೇಲೆ ಮುತ್ತಜ್ಜನವರ ಹೆಸರು ಕಂಡಿತು: ವಿಜಯ ಸಂವತ್ಸರ, ವೈಶಾಖ ಮಾಸ, ಹೂಲಿಯ ಇಂಥವರ ಮಗಳು ಇಂಥವಳೊಡನೆ ಲಗ್ನ, ಹೆಣ್ಣಿನ ಕಡೆಯಿಂದ ಅಣ್ಣ ಇಂಥವನ ಕೈಯಿಂದ ಕಾಣಿಕೆ ಒಂದು ರೂಪಾಯಿ ನಾಲ್ಕಾಣೆ. ಹೆಸರುಗಳು ನಮ್ಮ ಮನೆಯವರ ಸೊತ್ತು. ಅವನ್ನು ಇಲ್ಲಿ ಬರೆಯದಿದ್ದರೆ ಓದುಗರು ಮನ್ನಿಸಬೇಕು.

ವಿಜಯ ಸಂವತ್ಸರವು ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1833, 1893, 1953. ಶಕವರ್ಷವನ್ನು ಬರೆಯದ ಇಂತಹ ಲೆಕ್ಕಗಳಲ್ಲಿ ಅನೇಕರು ಎಡವುತ್ತಾರೆ. ಅದೇ ಕಡತದಲ್ಲಿ ಹತ್ತು ಮಡಿಕೆ ಹಿಂದೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಮಠದಿಂದ ಅಂಬಲಿ ಹಾಕಿದ ಲೆಕ್ಕ ಅದೇ ಕೈಬರಹದಲ್ಲಿದ್ದಿತು. ಧಾತು ಎಂದರೆ 1876ರ ಮಹಾಕ್ಷಾಮ ಆರಂಭವಾದ ವರ್ಷ. ಆ ಕೈಯೇ ಮುಂದೆ ಬರೆದ ವಿಜಯವು 1893ಲ್ಲದೆ ಬೇರೆಯಾಗಲಾರದು. ಅಂಬಲಿಯ ಲೆಕ್ಕದಿಂದ ಮದುವೆಯ ವರ್ಷ ಸಿಕ್ಕಿತು.

ಆದರೆ ಇದರಿಂದ ಕೆಲಸ ಮುಗಿಯಲಿಲ್ಲ, ಕಗ್ಗಂಟಾಯಿತು. ಮುಂಬಯಿ ಸರಕಾರವು 1903ರಲ್ಲಿ ಮಾಡಿದ ಕಾಯಿದೆಯಂತೆ ಹಳ್ಳಿಹಳ್ಳಿಯಲ್ಲಿ ಜಮೀನಿನ ಹಕ್ಕುಗಳನ್ನು ನೋಂದಿಸತೊಡಗಿದರು. ಆ ನೋಂದಿನಲ್ಲಿ ನಮ್ಮ ಹೊಲ ಹೆಣ್ಣೊಬ್ಬಳ ಹೆಸರಿನಲ್ಲಿತ್ತು. ಆ ಹೆಸರು ಕಡತದಲ್ಲಿ ಕಂಡುದಲ್ಲ! “ಇಂಥವಳು ಕೋಂ ಇಂಥವನು” ಎಂದು ಬರೆದಿತ್ತು. ಕೋಂ ಎಂದರೆ ಇಂಥವನ ಹೆಂಡತಿ ಎಂದು ಹಳೆಯ ದಸ್ತಾವೇಜುಗಳನ್ನು ಕಂಡವರಿಗೆ ಗೊತ್ತು. ಮುತ್ತಜ್ಜನವರಿಗೆ ಇಬ್ಬರು ಹೆಂಡಂದಿರೆ? ಒಂದು ವಾರ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಕೊನೆಗೆ ಬೆಳಕು ತೋರಿದವರು ಅತ್ತೆಯವರೇ. “ಮದುವ್ಯಾದ ಮ್ಯಾಲ ಹೆಸರು ಬದಲಿಸೂದಿಲ್ಲೇನು? ನನ್ನ ತವರು ಮನಿ ಹೆಸರು ಯಾರಿಗೆ ಗೊತ್ತೈತಿ ಈಗ?” ಎಂದರು. ನೋಂದನ್ನು ಮತ್ತೆ ಓದಿದೆ. ಖಾತೇದಾರನು ಮಯತನಾದ್ದರಿಂದ ಸಣ್ಣ ಹುಡುಗನ ಪರವಾಗಿ ತಾಯಿಯು ಪಾಲನಕರ್ತೆ; ಪಂಚರ ಸಮಕ್ಷಮ ಹೇಳಿಕೆ ಕೊಟ್ಟವನು ಹೂಲಿಯ ಅವಳ ಅಣ್ಣ. ಕಡತದಲ್ಲಿ ಒಂದು ರೂಪಾಯಿ ನಾಲ್ಕಾಣೆ ಕೊಟ್ಟ ಅಣ್ಣನ ಹೆಸರೇ ಅದು. ಎರಡು ಹೆಸರಿನ ಒಬ್ಬಳೇ ಹೆಣ್ಣುಮಗಳು.

ಇಷ್ಟಾದರೂ ದಾಯಾದಿಗಳ ಮಾತಿನ ಅರ್ಧಭಾಗ ಅಲ್ಲಿಯೇ ಬಿದ್ದುಹೋಯಿತು. ಗಂಡ ತೀರಿದ್ದು 1898ರ ಪ್ಲೇಗಿನಲ್ಲಿ. ಹುಬ್ಬಳ್ಳಿ ಧಾರವಾಡಗಳನ್ನು ಬರಿದು ಮಾಡಿದ ವರ್ಷ ಅದು, ಊರವರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಮಗನಿಗೆ ಆಗ ಮೂರು ವರ್ಷ. ಅಲ್ಲಿಂದ ಮಗ ಪ್ರಾಯಕ್ಕೆ ಬಂದು ಆಕೆಯ ಹೆಸರಿಗೆ ಗೆರೆ ಎಳೆಯುವವರೆಗೆ ಪಾಳಿ ಕಟ್ಟಿದವಳು, ಹೊಲ ಉಳಿಸಿದವಳು ಅವಳೇ.

ಹೂಲಿಗೆ ಹೋದುದು ಎಳ್ಳಮಾವಾಸ್ಯೆಯ ಹಿಂದಿನ ದಿನ. ಹೂಲಿಯು ಸವದತ್ತಿಯಿಂದ ಬಹಳ ದೂರವಿಲ್ಲ. ಶಾಸನಗಳಲ್ಲಿ ಇದು ಪೂಲಿ. ಸಾವಿರ ಮಹಾಜನರ ಅಗ್ರಹಾರವೆಂದು ಹೆಸರುಗೊಂಡ ಊರು. ಗುಡ್ಡದ ಮೇಲೆ ಕೋಟೆ, ಕೆಳಗೆ ಚಾಳುಕ್ಯರ ಕಾಲದ ದೇವಾಲಯಗಳು. ಪಂಚಲಿಂಗೇಶ್ವರನ ಗುಡಿಯ ವಿಸ್ತಾರವಾದ ಮಂಟಪದಲ್ಲಿ ಕಂಬಗಳ ನಡುವೆ ನಿಂತರೆ ಹೊರಗಿನ ಬಿಸಿಲು ನೆನಪಾಗುವುದಿಲ್ಲ. ಈ ಊರಿಗೆ ಮೂರು ಸಲ ಬಂದಿದ್ದೇನೆ, ಮೂರು ಸಲವೂ ಶಾಸನದ ಅಕ್ಷರ ನೋಡಲು. ಊರೊಳಗಿನ ಒಂದು ಮನೆಯೊಡನೆ ನನಗೆ ರಕ್ತಸಂಬಂಧವಿದೆಯೆಂಬುದು ಆಗ ತಿಳಿದಿರಲಿಲ್ಲ.

ಆ ಅಣ್ಣನ ಮರಿಮಗ ಈಗ ಮನೆಯ ಹಿರಿಯ. ನನ್ನ ಮಾತನ್ನು ಕೊನೆಯವರೆಗೆ ಕೇಳಿ ಅವರು ಎದ್ದು ನಿಂತರು. “ಸರ, ನಮ್ಮ ಹೊಲದಾಗ ಅಕ್ಕನ ಗದ್ದಿಗಿ ಐತ್ರಿ. ಯಾವ ಅಕ್ಕ ಅಂತ ನಮಗೂ ಗೊತ್ತಿಲ್ಲ. ಹಿರೇರು ಎಡಿ ಇಡತಿದ್ರು, ನಾವೂ ಇಡತೀವಿ” ಎಂದರು.

ಮರುದಿನ ಅವರೊಡನೆ ಹೊಲಕ್ಕೆ ಹೋದೆ. ಕರಿಯ ಎರೆಮಣ್ಣಿನಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಬೇವಿನ ಗಿಡದ ಕೆಳಗೆ ನಾಲ್ಕು ಕಲ್ಲಿನ ಕಟ್ಟೆ, ನಡುವೆ ಮುಷ್ಟಿಗಾತ್ರದ ಲಿಂಗ. ಹೆಣ್ಣುಮಕ್ಕಳು ಸಜ್ಜಿರೊಟ್ಟಿ, ಎಣ್ಣೆಗಾಯಿ ಪಲ್ಯ, ಹೋಳಿಗೆಯ ಎಡೆಯಿಟ್ಟರು. ಗಂಡಸರು ಹೊಲದ ಸುತ್ತ ಚರಗ ಚೆಲ್ಲಿದರು. ನೂರು ವರ್ಷಗಳಿಗೂ ಹೆಚ್ಚು ಕಾಲ, ಹೆಸರು ತಿಳಿಯದವರು ಆಕೆಗೆ ಊಟ ಬಡಿಸುತ್ತ ಬಂದಿದ್ದರು. ಹೆಸರನ್ನು ತಿಳಿಯಬೇಕಾಗಿದ್ದ ನಾವು ಒಂದು ತಂಬಿಗೆ ನೀರನ್ನೂ ಹಾಕಿರಲಿಲ್ಲ.

ಉಳಿದುದು ಮರಣದ ಪುಸ್ತಕ. ಒಂದು ಕಚೇರಿಯಲ್ಲಿ ಹಳೆಯ ಪುಸ್ತಕಗಳೇ ಇಲ್ಲವೆಂದು ಎರಡು ಸಲ ಹೊರಗೆ ಕಳಿಸಿದರು. ಮೂರನೆಯ ಸಲ ಅಲ್ಲಿಯ ವೃದ್ಧ ಸಿಪಾಯಿಯೊಬ್ಬರು ಕಪಾಟಿನ ಹಿಂದಿನಿಂದ ಗಂಟನ್ನು ಎಳೆದು ತಂದರು. ಮೂಲೆಗಳನ್ನು ಗೆದ್ದಲು ತಿಂದಿದ್ದರೂ 1918ರ ಅಕ್ಟೋಬರದ ಹಾಳೆಗಳು ಉಳಿದಿದ್ದವು. ಅದು ಇನ್‌ಫ್ಲುಯೆಂಜಾ ಬಂದ ವರ್ಷ. ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ನುಂಗಿದ ಜ್ವರ. ಬೇರೆ ತಿಂಗಳಲ್ಲಿ ಅರ್ಧ ಪುಟ ತುಂಬದ ಪುಸ್ತಕ ಆ ತಿಂಗಳಲ್ಲಿ ಪುಟಪುಟವಾಗಿ ತುಂಬಿದೆ. ಬರೆದವನ ಅಕ್ಷರವೇ ದಣಿದಂತೆ ವಾಲಿದೆ. ನಾಲ್ಕು ದಿನಗಳಲ್ಲಿ ಆ ಮನೆಯ ಮೂವರು: ಅಣ್ಣನ ಹೆಂಡತಿ, ಅಣ್ಣನ ಮಗಳು, ಮೂರನೆಯವಳು ನಮ್ಮ ಮುತ್ತಜ್ಜಿ. ಕಾರಣ, ಜ್ವರ. ಗಂಡನ ಹೆಸರಿನ ಮುಂದೆ ನಮ್ಮ ಮುತ್ತಜ್ಜನ ಹೆಸರು, ವಾಸ ನಮ್ಮ ಊರು. ಉಡಿಕೆಯಾಗಿದ್ದರೆ ಆ ಹೆಸರೂ ಆ ಊರೂ ಅಲ್ಲಿರುತ್ತಿರಲಿಲ್ಲ.

ಬೇನೆ ಬಿದ್ದ ಅಣ್ಣನ ಮನೆಗೆ ಆರೈಕೆಗೆ ಹೋದಳೆಂದು ನಾನು ತಿಳಿದಿದ್ದೇನೆ. ಇದು ಕಾಗದದಲ್ಲಿಲ್ಲ, ನನ್ನ ಊಹೆ. ಅಂದಿನ ಸ್ಥಿತಿಯಲ್ಲಿ ಶವವನ್ನು ಹೊಳೆ ದಾಟಿಸಿ ತರುವುದು ಆಗದ ಮಾತು. ಸತ್ತಲ್ಲಿಯೇ ಕ್ರಿಯಾಸಮಾಧಿ ಮಾಡಿದರು.

ವೈಶಾಖದಲ್ಲಿ ಸಾಗರದ ನೀರು ಇಳಿದಾಗ ಹಳೆಯೂರಿಗೂ ಹೋಗಿ ಬಂದೆ. ಬಿರುಕು ಬಿಟ್ಟ ಕೆಸರಿನ ಮೇಲೆ ಮನೆಗಳ ಬುನಾದಿಯ ಸಾಲುಗಳು, ಮೀನುಗಾರರ ಹರಿದ ಬಲೆ, ಒಂದು ಒರಳುಕಲ್ಲು. ಮುತ್ತಜ್ಜನ ಗದ್ದುಗೆಯ ಕಲ್ಲು ಒಂದು ಕಡೆಗೆ ವಾಲಿದೆ. ಲಿಂಗದ ಕೆತ್ತನೆ ನೀರಿನಿಂದ ನುಣುಪಾಗಿದೆ. ಅದರ ಮಗ್ಗುಲಿನ ಖಾಲಿ ಜಾಗವನ್ನು ತೋರಿಸಿಯೇ ದಾಯಾದಿಗಳು ಆ ಮಾತು ಆಡುತ್ತಿದ್ದರು.

ಅತ್ತೆಯವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಎರಡು ಹೆಸರುಗಳನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಅವ್ವಗ ಇದು ತಿಳೀಲೇ ಇಲ್ಲಲ್ಲೋ. ಜೀವ ಇರೂಮಟ ಅತ್ತಿ ಹೆಸರು ತಗದ್ರ ತಲಿ ತಗ್ಗಿಸತಿದ್ಲು” ಎಂದರು. ಆಮೇಲೆ, ಕೂಸಿಗೆ ಇಟ್ಟ ಹೆಸರು ಇರಲಿ, ಕರೆಯುವುದಕ್ಕೆ ತವರಿನ ಹೆಸರೇ ಆಗಲಿ ಎಂದು ಅಪ್ಪಣೆ ಮಾಡಿದರು.

ಈ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದಿದ್ದರು. ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಆಕೆಯ ಹೆಸರನ್ನೂ ತವರೂರನ್ನೂ ಬರೆದುಕೊಳ್ಳಬೇಕೆಂದು ಕೇಳಿದೆ. ಹಾಗೆ ಬರೆಯುವ ಪದ್ಧತಿಯಿಲ್ಲವೆಂದು ಸ್ವಲ್ಪ ಹೊತ್ತು ತಲೆಯಾಡಿಸಿದರು. ಅತ್ತೆಯವರು ಒಳಗಿನಿಂದ, “ಬರಿ, ಒಂದು ಚೀಲ ಜ್ವಾಳ ಹೆಚ್ಚಿಗೆ ಕೊಡತೀನಿ” ಎಂದು ಕೂಗಿದರು. ಹೆಳವರು ನಕ್ಕು, ಎರಡೂ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡು, ಚೀಲಗಳನ್ನು ಎತ್ತಿನ ಮೇಲೆ ಹೇರಿ ದಾಯಾದಿಗಳ ಮನೆಯ ಕಡೆಗೆ ನಡೆದರು.