ಹದಿನೇಳೂವರೆ ಸೆಂಟಿಮೀಟರಿನ ರೈಲುಬೋಗಿ

ನನ್ನಲ್ಲಿ ಅನುಪಾತದ ಲೆಕ್ಕ ಕಲಿತವರು ಇದನ್ನು ಕ್ಷಣಾರ್ಧದಲ್ಲಿ ಬಿಡಿಸಬಲ್ಲರು: 87ಕ್ಕೆ 1ರ ಅಳತೆಯಲ್ಲಿ 50 ಅಡಿ ಉದ್ದದ ರೈಲುಬೋಗಿ 17.5 ಸೆಂಟಿಮೀಟರಿಗೆ ಇಳಿಯುತ್ತದೆ. ಮಾದರಿ ರೈಲುಗಳ ಹವ್ಯಾಸಿಗಳು ಇದನ್ನು ‘ಎಚ್‌ಓ’ ಅಳತೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪ್ರಯಾಣಿಕರ ಬೋಗಿಗಳು ಈ ಅಳತೆಯಲ್ಲಿ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ದೊರೆಯುತ್ತವೆ. ಜೋಡಿಸಿ ಬಣ್ಣ ಬಳಿಯುವುದು ನಮ್ಮ ಕೆಲಸ.

ಮೂಲ ಬೋಗಿಗಳು ಮರದವು. ಉದ್ದನೆಯ ಚೌಕಟ್ಟು ಭಾರಕ್ಕೆ ನಡುವೆ ಬಾಗದಿರಲೆಂದು ಅಡಿಯಲ್ಲಿ ಕಬ್ಬಿಣದ ಸರಳುಗಳನ್ನು ಬಿಗಿಯುತ್ತಿದ್ದರು. ಸಡಿಲವಾದರೆ ಬಿಗಿಮಾಡಲು ನಡುವೆ ತಿರುಪುಗಳಿದ್ದವು. ಪ್ಲಾಸ್ಟಿಕ್ ಮಾದರಿಗೆ ಬಾಗುವ ಭಯವೆಲ್ಲಿಯದು? ಆದರೂ ಆ ಸರಳುಗಳಿಲ್ಲದ ಬೋಗಿ ಬೋಳುಬೋಳಾಗಿ ಕಾಣುತ್ತದೆ. ಗಾಳಿ ಬೆಳಕಿಗಾಗಿ ಮಾಡಿನ ನಡುಭಾಗವನ್ನು ಎತ್ತರಿಸಿ ಕಿರುಗಿಟಕಿಗಳನ್ನಿಟ್ಟಿರುತ್ತಾರೆ. ಎರಡು ತುದಿಗಳಲ್ಲಿ ತೆರೆದ ಜಗಲಿ, ಅಲ್ಲಿ ಕೈಬ್ರೇಕಿನ ಚಕ್ರ. ಒಳಗೆ ಮೂಲೆಯಲ್ಲೊಂದು ಕಲ್ಲಿದ್ದಲಿನ ಒಲೆ. ಅಮೆರಿಕದಲ್ಲಿರುವ ನನ್ನ ಮೊಮ್ಮಗ ಆ ಒಲೆಯನ್ನು ಬಹಳ ಮುದ್ದಿನಿಂದ ಅಂಟಿಸಿದ. ನಿಜವಾದ ಒಲೆ ಅಷ್ಟು ಮುದ್ದಿನದಾಗಿರಲಿಲ್ಲ. 1876ರ ಡಿಸೆಂಬರ್ 29ರ ಹಿಮಬಿರುಗಾಳಿಯಲ್ಲಿ ಓಹಿಯೋದ ಆಷ್ಟಬ್ಯೂಲಾ ಎಂಬಲ್ಲಿ ಸೇತುವೆ ಕುಸಿದು ರೈಲು ಕೆಳಗುರುಳಿದಾಗ, ಒಲೆಗಳಿಂದಲೂ ದೀಪಗಳಿಂದಲೂ ಬೋಗಿಗಳಿಗೆ ಬೆಂಕಿ ಹತ್ತಿತು. ಸತ್ತವರು ಸುಮಾರು 92 ಮಂದಿ.

ಕೊನೆಗೆ ಒಳಗೆ ಕೂರಿಸಬೇಕಾದ ಪುಟ್ಟ ಬೊಂಬೆಗಳು ಉಳಿದವು. ನಿಂತರೂ ಎರಡು ಸೆಂಟಿಮೀಟರಿನ ಜನ. ಮೊಮ್ಮಗ ಕೆಲವು ಮುಖಗಳಿಗೆ ತಿಳಿಬಣ್ಣವನ್ನೂ ಕೆಲವಕ್ಕೆ ಕಂದುಬಣ್ಣವನ್ನೂ ಬಳಿದು, “ಅಜ್ಜಾ, ಇವರೆಲ್ಲ ಒಂದೇ ಬೋಗೀಲಿ ಕೂತ್ಕೋತಿದ್ರಾ?” ಎಂದ.

ಮೊಳೆಗಳ ತಲೆಯನ್ನು ಕೂಡ ಎಣಿಸಿ ತೋರಿಸುವ ಮಾದರಿಕಾರರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪವೆಂದು ನನ್ನ ಅನಿಸಿಕೆ. 1842ರಲ್ಲಿ ಅಮೆರಿಕಕ್ಕೆ ಹೋಗಿದ್ದ ಚಾರ್ಲ್ಸ್ ಡಿಕನ್ಸ್, ಅಲ್ಲಿ ರೈಲಿನಲ್ಲಿ ಕರಿಯರಿಗೆ ಬೇರೆಯೇ ಬೋಗಿಯಿದ್ದುದನ್ನು ದಾಖಲಿಸಿದ್ದಾರೆ. 1890ರಲ್ಲಿ ಲೂಸಿಯಾನ ರಾಜ್ಯವು ಅದನ್ನೇ ಕಾನೂನನ್ನಾಗಿ ಮಾಡಿತು. ಇದನ್ನು ಪ್ರಶ್ನಿಸಲೆಂದೇ ನ್ಯೂ ಆರ್ಲಿಯನ್ಸಿನ ನಾಗರಿಕರ ಸಮಿತಿಯೊಂದು ಹೋಮರ್ ಪ್ಲೆಸ್ಸಿಯವರನ್ನು ಆರಿಸಿತು. ವೃತ್ತಿಯಿಂದ ಪಾದರಕ್ಷೆ ತಯಾರಿಸುವವರು. ವಂಶದ ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕದ್ದು. (ಅನುಪಾತಕ್ಕೆ ಇಂಥ ಉಪಯೋಗವೂ ಇದೆಯೆಂದು ನಾನೆಂದೂ ಪಾಠ ಮಾಡಿರಲಿಲ್ಲ.) ನೋಡಿದರೆ ತಿಳಿಯುವಂತಿರಲಿಲ್ಲವಾದ್ದರಿಂದ, 1892ರ ಜೂನ್ 7ರಂದು ಬಿಳಿಯರ ಬೋಗಿಯಲ್ಲಿ ಕುಳಿತ ಅವರು ತಮ್ಮ ಮೂಲವನ್ನು ತಾವೇ ಹೇಳಬೇಕಾಯಿತು. ಎದ್ದುಹೋಗಲು ಒಪ್ಪಲಿಲ್ಲ, ಬಂಧನವಾಯಿತು. 1896ರಲ್ಲಿ ಸುಪ್ರೀಂ ಕೋರ್ಟು 7-1ರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಆ ವಾದವು ರೈಲಿನಿಂದ ಇಳಿದು ಶಾಲೆಯ ಕೊಠಡಿಗಳಿಗೂ ಹೊಕ್ಕಿತು. ಅಲ್ಲಿಂದ ಅದನ್ನು ಹೊರಡಿಸಲು 1954ರ ಇನ್ನೊಂದು ತೀರ್ಪು ಬೇಕಾಯಿತು.

ಇಷ್ಟನ್ನು ಕೇಳಿದ ಹುಡುಗ, “ಅವರಿಗೆ ಶಿಕ್ಷೆ ಏನಾಯ್ತು?” ಎಂದ. 1897ರಲ್ಲಿ 25 ಡಾಲರು ದಂಡ ಕಟ್ಟಿದರು ಎಂದೆ. ಲೂಸಿಯಾನದ ಗವರ್ನರು ಅವರಿಗೆ ಕ್ಷಮಾದಾನ ನೀಡಿದ್ದು 2022ರ ಜನವರಿ 5ರಂದು. ಪ್ಲೆಸ್ಸಿಯವರು 1925ರಲ್ಲಿಯೇ ತೀರಿಕೊಂಡಿದ್ದರು.