ಅಮ್ಮನ ಹಾಡು ಹುಡುಕಿಕೊಂಡು ಯಲ್ಲದಕೆರೆಗೆ

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಯಲ್ಲದಕೆರೆ ಕಡೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಮೊಮ್ಮಗಳು ಮೆಲ್ಲಗೆ ಕೇಳಿದಳು: “ತಾತ, ದೊಡ್ಡಜ್ಜಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ನೀನು ಸುಮ್ನಿರು, ನಾನೇ ಹೇಳ್ತೀನಿ” ಎಂದೆ. ಹೀಗೆ ಅಂದುಕೊಂಡೇ ಸುಮಾರು ಮೂವತ್ತು ವರ್ಷ ಕಳೆದಿದ್ದೇನೆ ಎನ್ನುವುದು ಅವಳಿಗೆ ಗೊತ್ತಿಲ್ಲ.

ವಿಷಯ ಇಷ್ಟು. 1987ರಲ್ಲಿ ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ನಾನೊಂದು ಟೇಪ್ ರೆಕಾರ್ಡರ್ ಕೊಂಡೆ. ಆ ಬೇಸಿಗೆಯಲ್ಲಿ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಅವಳ ಮುಂದೆ ಅದನ್ನಿಟ್ಟು ಬೀಸುವಾಗಿನ ಹಾಡೊಂದನ್ನು ಹಾಡಿಸಿದೆ. ಅಣ್ಣನೊಬ್ಬ ತಂಗಿಯನ್ನು ತವರಿಗೆ ಕರೆಯಲು ಗಾಡಿ ಕಟ್ಟಿಕೊಂಡು ಹೊರಡುವ ಕಥೆ. ಬೀಸುವ ಕಲ್ಲಿಲ್ಲದೆ ಹಾಡು ಬರುವುದಿಲ್ಲ ಎಂದು ಅಮ್ಮ ಮೊದಲು ಹಟ ಮಾಡಿದಳು. ಕೊನೆಗೆ ಬಲಗೈಯನ್ನು ಗಾಳಿಯಲ್ಲೇ ತಿರುಗಿಸುತ್ತಾ ಹಾಡಿದಳು. ಮರುವರ್ಷ ತೀರಿಕೊಂಡಳು.

1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ ಮತ್ತು ಪಾಕಿಸ್ತಾನದ ವಿಶ್ವಕಪ್ ಕ್ವಾರ್ಟರ್ ಫೈನಲ್ ಪಂದ್ಯ. ರೇಡಿಯೊದಲ್ಲಿ ಬರುತ್ತಿದ್ದ ಕಾಮೆಂಟರಿಯನ್ನು ಹಿಡಿದಿಡಬೇಕು ಎನ್ನುವ ಉಮೇದಿನಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ ತೂರಿಸಿ ಗುಂಡಿ ಒತ್ತಿದೆ. ಯಾವ ಕ್ಯಾಸೆಟ್ ಎಂದು ನೀವೇ ಊಹಿಸಿ.

ಮಕ್ಕಳೇ, ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಇನ್ನೊಂದು ಧ್ವನಿ ಮೂಡುವಂತಿರಲಿಲ್ಲ, ರೆಕಾರ್ಡ್ ಗುಂಡಿ ಕೆಳಗೇ ಹೋಗುತ್ತಿರಲಿಲ್ಲ. ಉಗುರಿನಿಂದ ಚಿಮ್ಮಿದರೆ ಮುರಿಯುವಂಥವು. ನಾನು ಅಷ್ಟು ಮಾಡಿರಲಿಲ್ಲ. ಮೇಷ್ಟ್ರಾಗಿದ್ದವನು, ಎಷ್ಟೋ ಮಕ್ಕಳಿಗೆ ಅಜಾಗ್ರತೆ ಎಂದು ಗದರಿದ್ದೇನೆ.

ಯಲ್ಲದಕೆರೆಯಲ್ಲಿರುವ ನನ್ನ ಅಕ್ಕನಿಗೆ ಈಗ ಎಂಬತ್ತೆರಡು. ಊರಿಗೆ ಹೋದಾಗಲೆಲ್ಲ ಅವಳದು ಒಂದೇ ಮಾತು, “ಅಮ್ಮನ ಹಾಡು ನಿನ್ನತ್ರ ಐತಲ್ಲ, ಒಂದ್ಸಲ ತಂದು ಕೇಳಿಸೋ.” ನಾನು ಪ್ರತಿಸಲ ಮರೆತು ಬಂದೆ ಎನ್ನುತ್ತಿದ್ದೆ.

ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿಲೊಮೀಟರ್. ದಾರಿ ಸವೆಯಲಿ ಎಂದು ತಾತ ಮೊಮ್ಮಗಳು ಒಂದು ಕರಾರು ಮಾಡಿಕೊಂಡೆವು. ಅವಳು ಒಂದು ಹಾಡು ಕೇಳಿಸಬೇಕು, ನಾನು ಒಂದು. ಬೇಡ ಎನ್ನುವಂತಿಲ್ಲ, ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಕಿವಿಗೆ ಸಿಕ್ಕಿಸುವ ಗುಬಟಿಗಳಲ್ಲಿ ಒಂದು ಅವಳಿಗೆ, ಒಂದು ನನಗೆ.

ಮೊದಲು ಅವಳದು, ರಘು ದೀಕ್ಷಿತ್. ಗಿಟಾರು, ಡ್ರಮ್ಮಿನ ಅಬ್ಬರ ಕೇಳಿ ಮುಖ ಸಿಂಡರಿಸಿದೆ. ಆಮೇಲೆ ಮಾತು ಕಿವಿಗೆ ಬಿತ್ತು. ಅರೆ, ಇದು ಶಿಶುನಾಳ ಷರೀಫರ ಗುಡುಗುಡಿಯ ಪದ! ಷರೀಫರು 1889ರಲ್ಲಿ ತೀರಿಕೊಂಡವರು. ಅವರ ಪದ ಗಿಟಾರು ಹಿಡಿದು ನನ್ನ ಮೊಮ್ಮಗಳ ಫೋನಿಗೆ ಬಂದು ಕೂತಿದೆ. ಷರೀಫರನ್ನು ನಾನು ಕೇಳಿದ್ದು ಸಿ. ಅಶ್ವತ್ಥ್ ಅವರ ದನಿಯಲ್ಲಿ, ಆ ಕ್ಯಾಸೆಟ್ ಕೊಟ್ಟವರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ನಾನು ಶಿವಮೊಗ್ಗ ಸುಬ್ಬಣ್ಣನವರನ್ನು ಕೇಳಿಸಿದೆ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಅವಳು ಮರುಮಾತಿಲ್ಲದೆ ಎರಡನೇ ಸಲ ಹಾಕಿಕೊಂಡಳು. ಬಿಂದುಮಾಲಿನಿ ಎಂಬ ಗಾಯಕಿಯ ಹೆಸರು ನನಗೆ ಗೊತ್ತಾದದ್ದೂ ಆ ಬಸ್ಸಿನಲ್ಲೇ. ‘ನಾತಿಚರಾಮಿ’ ಚಿತ್ರಕ್ಕಾಗಿ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆಯಂತೆ. ಅಜ್ಜಂದಿರೇ, ಒಮ್ಮೆ ಕೇಳಿ ನೋಡಿ.

“ಈ ಹಾಡುಗಳೆಲ್ಲ ನಿನಗೆ ಯಾರು ಹೇಳಿದ್ದು?” ಎಂದು ಕೇಳಿದೆ.

“ಫೋನೇ ಹೇಳತ್ತೆ ತಾತ. ನಾನು ಕೇಳಿದ ಹಾಡನ್ನೇ ಕೇಳಿದ ಬೇರೆಯವರು ಇನ್ನೇನು ಕೇಳಿದ್ದಾರೋ, ಅದನ್ನ ನನಗೂ ತೋರಿಸತ್ತೆ.”

ನಮ್ಮ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಕಾರ್ಡು. ವಿವಿಧ ಭಾರತಿ ಶುರುವಾದದ್ದು 1957ರಲ್ಲಿ. ಇಂಥ ಹಾಡು ಹಾಕಿ ಎಂದು ಜನ ಕಾರ್ಡು ಬರೆಯುವರು, ಹಾಡಿಗಿಂತ ಮೊದಲು ಬರೆದವರ ಹೆಸರು, ಊರು ಓದುವರು. ಈಗಿನ ಜಾರ್ಖಂಡಿನ ಝುಮ್ರಿ ತಲೈಯಾ ಎಂಬ ಊರಿನಿಂದ ಅದೆಷ್ಟು ಕಾರ್ಡು ಬರುತ್ತಿದ್ದವೆಂದರೆ, ಅಂಥ ಊರು ನಿಜಕ್ಕೂ ಇದೆಯೋ ಇಲ್ಲವೋ ಎಂದು ನಾವು ಹುಡುಗರು ಪಂದ್ಯ ಕಟ್ಟಿದ್ದೆವು. ಇದೆ.

ಶಿರಾ ಹತ್ತಿರ ಬಂದಾಗ ಅವಳಿಗೆ ಜುಂಜಪ್ಪನ ವಿಷಯ ಹೇಳಿದೆ. ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರಿಗೆ ಜುಂಜಪ್ಪ ದನ ಕಾಯುವ ವೀರ, ದೇವರು. ಅವನ ಕಥೆ ಹಾಡುವಾಗ ನುಡಿಸುವ ಬಿದಿರಿನ ವಾದ್ಯಕ್ಕೆ ಗಣೆ ಎನ್ನುತ್ತಾರೆ. ಮಾಮೂಲು ಕೊಳಲಿಗಿಂತ ಉದ್ದ, ದನಿಯೂ ಗಡಸು. ಮದುವೆ ಮನೆಯಲ್ಲಿ, ಸಿನಿಮಾದಲ್ಲಿ ಅದು ಸಿಗುವುದಿಲ್ಲ. ಸಿರಿಯಜ್ಜಿಯ ಕಥೆಯನ್ನೂ ಹೇಳಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು, ಅಕ್ಷರ ಕಲಿತವರಲ್ಲ. ಆಕೆ ಬಾಯಲ್ಲಿ ಹೇಳಿದ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕವಾಗಿದೆ. ಸಿರಿಯಜ್ಜಿ, ಬಳ್ಳಾರಿ ಕಡೆಯ ದರೋಜಿ ಈರಮ್ಮ, ಅಂಕೋಲದ ಸುಕ್ರಿ ಬೊಮ್ಮಗೌಡ, ಈ ಮೂರು ಹೆಸರನ್ನು ಅವಳು ಫೋನಿನಲ್ಲಿ ಬರೆದುಕೊಂಡಳು. ನೀವೂ ಬರೆದುಕೊಳ್ಳಬಹುದು.

“ಅಷ್ಟು ಉದ್ದದ ಹಾಡಾ? ಈಗಿನವು ಮೂರು ನಿಮಿಷ ಅಷ್ಟೇ” ಎಂದಳು.

ಮೂರು ನಿಮಿಷದ ಲೆಕ್ಕ ಹಳೆಯ ಗ್ರಾಮಫೋನ್ ತಟ್ಟೆಯಿಂದ ಬಂದದ್ದು. ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದೇ ಅಷ್ಟು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಹೆಸರು ಹೇಳುವ ಈ ಸಂಗತಿ ಮೊಮ್ಮಗಳಿಗೆ ಬಹಳ ಹಿಡಿಸಿತು. ಮುಂದೆ ಅದು ಉಪಯೋಗಕ್ಕೂ ಬಂತು.

ಯಲ್ಲದಕೆರೆಯ ಬಸ್ಸಿನಲ್ಲಿ ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಲಿಲ್ಲ. ಬಸ್ಸಿನ ತುಂಬ ಮಾತು, ಶೇಂಗಾ ಕಿತ್ತವರ ಮೈಯ ಮಣ್ಣಿನ ವಾಸನೆ. ದಸರಾ ರಜೆಯ ಹೊತ್ತು. ಹೊಲಗಳಲ್ಲಿ ಬಳ್ಳಿ ಕಿತ್ತು ಒಟ್ಟಿದ್ದರು. ಕೊಳವೆಬಾವಿ ಇದ್ದ ಕಡೆ ತೆಂಗು, ಅಡಿಕೆ. ಇಲ್ಲದ ಕಡೆ ಕುರುಚಲು, ಕುರಿಮಂದೆ. ಊರ ಹೆಸರಿನಲ್ಲೇ ಕೆರೆ ಇದ್ದರೂ ಈ ಸೀಮೆಯವರು ಮೊದಲು ಮಾತನಾಡುವುದು ಮಳೆಯ ಬಗ್ಗೆ, ಆಮೇಲೆ ಯೋಗಕ್ಷೇಮ.

ಅಕ್ಕ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಹೆಜ್ಜೆಯ ಸಪ್ಪಳಕ್ಕೇ, “ಚಿಕ್ಕೋನಾ? ಹಾಡು ತಂದ್ಯೇನೋ?” ಎಂದಳು.

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳಿಯಿತು. ಮುಖ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಅಲ್ಲಿ ಬಚ್ಚಲ ಬಾಗಿಲ ಮುಂದೆ, ಕಾಲಿಡುವ ಮೆಟ್ಟಿಲಾಗಿ, ಮಗುಚಿ ಹಾಕಿದ್ದ ಬೀಸುವ ಕಲ್ಲು. ಹಿಟ್ಟಿನ ಗಿರಣಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದಕ್ಕೆ ಇದೇ ಗತಿ. ಅದರ ಮೇಲೆ ಕಾಲಿಡಲು ಮನಸ್ಸಾಗದೆ ಹಿಂದಕ್ಕೆ ಬಂದೆ. ಅಕ್ಕನ ಪಕ್ಕ ಕೂತು, ಒಂದು ಹಿಡಿ ಶೇಂಗಾ ಬಿಡಿಸಿ, ಹೇಳಿದೆ. ಕ್ಯಾಸೆಟ್ ಅಳಿಸಿಹೋಗಿದೆ, ಅಳಿಸಿದವನು ನಾನೇ, ಹೇಳಲು ಇಷ್ಟು ದಿನ ಧೈರ್ಯ ಬರಲಿಲ್ಲ ಎಂದೆ.

ಅಕ್ಕನ ಕೈ ನಿಂತಿತು. ಮೊಮ್ಮಗಳು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಬಹಳ ಹೊತ್ತಾದ ಮೇಲೆ ಅಕ್ಕ, “ಈಗ ಅದರಾಗೆ ಏನೈತೆ?” ಎಂದಳು.

“ಕ್ರಿಕೆಟ್ ಮ್ಯಾಚು.”

“ಯಾರು ಗೆದ್ರು?”

“ನಾವೇ ಗೆದ್ವಿ ಅಕ್ಕ.”

“ಹೋಗ್ಲಿ ಬಿಡು, ಅಷ್ಟಾದ್ರೂ ಆಯ್ತಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅಕ್ಕ ಹೆಚ್ಚು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬೆಳಿಗ್ಗೆ ಎದ್ದಾಗ ಅಕ್ಕನ ಮಗ, ಮೊಮ್ಮಗಳು ಸೇರಿ ಬೀಸುವ ಕಲ್ಲನ್ನು ಎತ್ತಿ ತೊಳೆಯುತ್ತಿದ್ದರು. ಗೂಟಕ್ಕೆ ಹೊಸ ಕಟ್ಟಿಗೆ ಹೊಡೆದಾಗಿತ್ತು. ಒಂದು ಸೇರು ಹುರುಳಿ ತಂದು, ಅಕ್ಕ ಕಾಲು ಚಾಚಿ ಕೂತಳು. ಎದುರಿಗೆ ಮೊಮ್ಮಗಳು. ಕಲ್ಲು ಒಂದೆರಡು ಸುತ್ತು ಗೊರ ಗೊರ ಎಂದಿತು, ಮೂರನೇ ಸುತ್ತಿಗೆ ಅಕ್ಕನ ಬಾಯಿಂದ ಹಾಡು ಹೊರಟಿತು. ಅದೇ ಮಟ್ಟು. ಅಮ್ಮ ಕೈ ಗಾಳಿಯಲ್ಲಿ ತಿರುಗಿಸುತ್ತಿದ್ದದ್ದು ಏಕೆಂದು ನನಗೆ ಅವತ್ತು ಅರ್ಥವಾಯಿತು. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತಿಗೆ ಒಂದು ಸಾಲು ಮುಗಿಯುತ್ತದೆ. ತಾಳ ಹಾಕಲು ಬೇರೆ ಯಾರೂ ಬೇಕಿಲ್ಲ.

ಅಣ್ಣ ಗಾಡಿ ಕಟ್ಟಿದ, ಹೊರಟ, ಹೊಳಲ್ಕೆರೆ ಸೀಮೆಯ ನಮ್ಮೂರ ದಾರಿ ಹಿಡಿದ. ಏಳೆಂಟು ನುಡಿಯಾದ ಮೇಲೆ ಅಕ್ಕ ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಳು.

“ಮುಂದಕ್ಕೆ ಬರವಲ್ದು. ಹಿಂದಿನ ಬೀದಿಯಾಗೆ ಒಬ್ಬಳವಳೆ, ಅವಳನ್ನ ಕೇಳ್ರಿ. ಕಳೆ ತೆಗೆಯೋಕೆ ನನ್ನ ಜತೆ ಬರ್ತಿದ್ಲು, ನನ್ನಿಂದಾನೇ ಕಲ್ತಿದ್ದು. ನನಗಿಂತ ಚೆನ್ನಾಗಿ ಹೇಳ್ತಾಳೆ” ಎಂದಳು.

ಹಿಂದಿನ ಬೀದಿಯ ಆ ತಾಯಿಗೆ ಎಪ್ಪತ್ತರ ಸುಮಾರು ವಯಸ್ಸು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಹಾಡು ಅಂದ ತಕ್ಷಣ, “ಕೆಲಸ ಇಲ್ಲದ ಹಾಡು ಎಂಥದು? ಬರ್ರಿ, ಶೇಂಗಾ ಬಿಡಿಸ್ರಿ” ಎಂದು ಮೂವರ ಮುಂದೆಯೂ ರಾಶಿ ಸುರಿದರು. ಫೋನಿನಲ್ಲಿ ಹಿಡಿದುಕೊಳ್ಳಲೇ ಎಂದು ಮೊಮ್ಮಗಳು ಮೊದಲು ಕೇಳಿದಳು. ಫ್ಯಾನ್ ಆರಿಸಿದಳು. ಹಿತ್ತಿಲ ಕೋಳಿಯನ್ನು ಮಾತ್ರ ಆರಿಸಲಾಗಲಿಲ್ಲ, ಅದೂ ರೆಕಾರ್ಡಿನಲ್ಲಿದೆ.

ಹಾಡು ಶುರುವಾದಾಗ ನಾನು ಬೆಚ್ಚಿದೆ. ಮಟ್ಟು ಅಮ್ಮನದೇ, ದಾರಿ ಬೇರೆ. ಅಣ್ಣನ ಗಾಡಿ ಹೊಳಲ್ಕೆರೆ ಕಡೆಯ ಊರುಗಳನ್ನು ಬಿಟ್ಟು ಹಿರಿಯೂರಿನ ತೇರುಮಲ್ಲೇಶ್ವರನಿಗೆ ಕೈಮುಗಿದು ಹೋಗುತ್ತದೆ! ಅಮ್ಮನ ಹಾಡಿನಲ್ಲಿ ಇಲ್ಲದ್ದು ಇನ್ನೂ ಒಂದು ಬಂತು. ತಂಗಿ ಗಾಡಿ ನಿಲ್ಲಿಸಿ ಮಾರಿಕಣಿವೆ ತುಂಬಿ ಕೋಡಿ ಹರಿಯುವುದನ್ನು ನೋಡುತ್ತಾಳೆ.

ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರವನ್ನೇ ಇಲ್ಲಿನವರು ಮಾರಿಕಣಿವೆ ಎನ್ನುವುದು. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, 130 ಅಡಿ ತುಂಬಿದರೆ ಭರ್ತಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ನನ್ನ ಅಕ್ಕ ಹುಟ್ಟುವ ಮೊದಲು ಬಿದ್ದದ್ದು, ಅವಳು ಮುದುಕಿಯಾದ ಮೇಲೆಯೇ ಮತ್ತೆ ಬಿದ್ದದ್ದು.

“ಈ ನುಡಿ ಬರೆದದ್ದು ಯಾರು ಅಜ್ಜಿ?” ಮೊಮ್ಮಗಳ ಪ್ರಶ್ನೆ.

“ಬರೆಯೋದು ಎಲ್ಲಿ ಬಂತವ್ವ? ಟ್ರ್ಯಾಕ್ಟರಿನಾಗೆ ಹೋಗಿ ಕೋಡಿ ನೋಡ್ಕಂಡು ಬಂದ್ವಿ. ನಾ ನೋಡ್ದೆ ಅಂದ್ಮೇಲೆ ಅವಳೂ ನೋಡ್ಲಿ ಅಂತ ಸೇರಿಸ್ದೆ.”

ಅಮ್ಮನ ಹಾಡನ್ನು ಇದ್ದ ಹಾಗೇ ಸಿಗಬೇಕು ಎಂದು ಹುಡುಕಿಕೊಂಡು ಹೋದವನು ನಾನು. ಮೊದಲು ಸ್ವಲ್ಪ ಪಿಚ್ಚೆನಿಸಿತು, ಸುಳ್ಳು ಹೇಳುವುದಿಲ್ಲ. ಸಂಜೆ ಅಕ್ಕನಿಗೆ ಹೇಳಿದರೆ, “ಅಮ್ಮನೇನು ಎರಡು ಸಲ ಒಂದೇ ತರ ಹಾಡಿದ್ಲಾ? ನನ್ನ ಮದುವೆ ಆದ ವರ್ಷ ಅಣ್ಣನ್ನ ಯಲ್ಲದಕೆರೆಗೇ ಕಳಿಸಿದ್ಲು” ಎಂದಳು. ಅದು ನನಗೆ ಗೊತ್ತೇ ಇರಲಿಲ್ಲ.

ಆದರೂ ನಡುವೆ ಒಂದು ತುಂಡು ಇಬ್ಬರಲ್ಲೂ ಇಲ್ಲ. ಅಣ್ಣ ದಾರಿಯಲ್ಲಿ ಒಂದು ರಾತ್ರಿ ಎಲ್ಲೋ ತಂಗುತ್ತಾನೆ, ಅಲ್ಲಿ ಯಾರೋ ಅವನಿಗೆ ಒಂದು ಮಾತು ಹೇಳುತ್ತಾರೆ, ಅದನ್ನು ಕೇಳಿ ಅವನು ಎತ್ತುಗಳನ್ನು ಬಿಚ್ಚದೆ ಹೊರಟುಬಿಡುತ್ತಾನೆ. ಏನು ಮಾತು ಎನ್ನುವುದು ನನಗೂ ನೆನಪಿಲ್ಲ. ಆ ತಾಯಿ ಯೋಚಿಸಿ, ತಮ್ಮ ಮಗಳ ಅತ್ತೆ ಹೊಸದುರ್ಗದ ಕಡೆಯವರು, ಅವರು ಅದನ್ನು ಹೇಳುವುದನ್ನು ಒಮ್ಮೆ ಕೇಳಿದ್ದೇನೆ ಎಂದರು. ಊರು, ಮನೆಯ ಗುರುತು ಹೇಳಿದರು.

ಹಾಡು ಮುಗಿದ ಮೇಲೆ ಮೊಮ್ಮಗಳು ಗೌಹರ್ ಜಾನ್ ಕಥೆ ಹೇಳಿ, “ನೀವೂ ಹೆಸರು ಹೇಳಿ ಅಜ್ಜಿ, ಊರು ಹೇಳಿ, ಯಾರಿಂದ ಕಲಿತದ್ದು ಹೇಳಿ” ಎಂದಿದ್ದಳು. ಅವರು ನಾಚಿ, ಸೆರಗು ಬಾಯಿಗೆ ಒತ್ತಿಕೊಂಡು ತಮ್ಮ ಹೆಸರು ಹೇಳಿದರು, ಯಲ್ಲದಕೆರೆ ಎಂದರು, ನನ್ನ ಅಕ್ಕನ ಹೆಸರು ಹೇಳಿದರು. ಅದನ್ನು ಅಕ್ಕನಿಗೆ ಕೇಳಿಸಿದಾಗ ಅವಳು ಫೋನಿಗೆ ಬಾಯಿ ಹತ್ತಿರ ತಂದು, ಅದರೊಳಗೆ ಆ ತಾಯಿಯೇ ಕೂತಿದ್ದಾಳೋ ಎನ್ನುವಂತೆ, “ನನಗೆ ನಮ್ಮಮ್ಮ ಕಲಿಸಿದ್ದು” ಎಂದು ಅಮ್ಮನ ಹೆಸರನ್ನೂ ಸೇರಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಮೊಮ್ಮಗಳು ರೆಕಾರ್ಡನ್ನು ಅವಳಪ್ಪನಿಗೆ, ಅತ್ತೆಗೆ, ಅಕ್ಕನ ಮಗನಿಗೆ ಕಳಿಸಿದಳು. ಒಂದು ಕಡೆ ಅಳಿಸಿದರೂ ಮೂರು ಕಡೆ ಇರಲಿ ಎಂದು ನನ್ನ ಮುಖ ನೋಡಿ ನಕ್ಕಳು. ಹಿರಿಯೂರಿನಲ್ಲಿ ಇಳಿದು ಹೊಸದುರ್ಗದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿ, ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ದೀಪಾವಳಿ ರಜೆಗೆ ಇನ್ನು ಹದಿನೆಂಟು ದಿನ.